ಪುಟ್ಟಮ್ಮನವರ ಕಾಲು, ಮಾದಪ್ಪನವರ ಬೈಕು

ನನಗೆ ಮೂವತ್ಮೂರನೇ ವಯಸ್ಸಿನಲ್ಲೇ ನಿವೃತ್ತಿಯಾಯಿತು. ನಗಬೇಡಿ. ಕ್ರಿಕೆಟ್ ಆಡುವವರಿಗೆ ಆಗುವುದಿಲ್ಲವೇ? ಅವರಿಗೆ ಮೊಣಕಾಲು ಹೋಗುತ್ತದೆ, ನನಗೆ ಎಡಗೈ ಮಣಿಕಟ್ಟು ಹೋಯಿತು. ಮೂರಾಳು ತೂಕದ ಬೈಕೊಂದು ಸ್ಟ್ಯಾಂಡಿನಿಂದ ಜಾರಿ ಒರಗುತ್ತಿದ್ದಾಗ ‘ಬಾ ಕಂದ’ ಎಂದು ಕೈಚಾಚಿದ ಧೀರ ನಾನು. ಡಾಕ್ಟರು ಎಕ್ಸ್‌ರೇ ನೋಡಿ, ಇನ್ನು ಮೇಲೆ ಈ ಕೈಯಲ್ಲಿ ಕಾಫಿ ಲೋಟ ಎತ್ತಬಹುದು, ಬೈಕಲ್ಲ ಎಂದರು. ಕೊಳ್ಳೇಗಾಲದಿಂದ ಹನೂರಿಗೆ ಹೋಗುವ ರಸ್ತೆಯಲ್ಲಿರುವ ನಮ್ಮ ಗ್ಯಾರೇಜಿನಲ್ಲಿ ನನಗೊಂದು ಸನ್ಮಾನವಾಯಿತು. ಶಾಲು, ಹಾರ, ಮೂಸಂಬಿ. ಯಜಮಾನರಾದ ಬಷೀರಣ್ಣ ಕೆಮ್ಮಿ ಕೆಮ್ಮಿ ಎರಡು ಮಾತಾಡಿದರು. ಉತ್ತರವಾಗಿ ನಾನು ಅವರದೇ ದನಿಯಲ್ಲಿ, ಅವರದೇ ಕೆಮ್ಮಿನ ಸಮೇತ, ಅದೇ ಎರಡು ಮಾತಾಡಿದೆ. ಶಾಲು ವಾಪಸ್ ಕಿತ್ತುಕೊಳ್ಳಲು ಬಂದರು. ನಾನು ಕೊಡಲಿಲ್ಲ.

ಈಗ ನನ್ನ ಹೊಟ್ಟೆಪಾಡು ಮಿಮಿಕ್ರಿ. ಮದುವೆಗೆ ಕರೆದರೆ ಮದುವೆಗೆ, ನಾಮಕರಣಕ್ಕೆ ಕರೆದರೆ ನಾಮಕರಣಕ್ಕೆ ಹೋಗಿ ನಾಯಿ, ನಲ್ಲಿ, ಬಸ್ಸು, ಬೀಗರು ಎಲ್ಲರ ದನಿ ಮಾಡುತ್ತೇನೆ. ಆದರೆ ದೊಡ್ಡ ಬೈಕುಗಳ ಕೆಲಸಕ್ಕೆ ಹೊಸದಾಗಿ ಕೈಹಾಕುವ ಹುಡುಗರು ಆಗಾಗ ಸಿಕ್ಕಿ, ‘ಅಣ್ಣ, ಆ ಕೆಲಸ ಹೆಂಗಿತ್ತು?’ ಎಂದು ಕೇಳುತ್ತಾರೆ. ಹೆಂಗಿತ್ತು ಅಂದರೆ, ಬಿಸಿಯಾಗಿತ್ತು. ಅದನ್ನೇ ಬರೆಯುತ್ತೇನೆ. ನಾನು ಹೆಲ್ಪರ್ ಆಗಿದ್ದವನು ಯಾವಾಗ ಮೆಕ್ಯಾನಿಕ್ ಆದೆ ಎಂಬ ಚರಿತ್ರೆಯೆಲ್ಲ ಬಿಡಿ. ಅದು ನನಗೂ ಸರಿಯಾಗಿ ಗೊತ್ತಿಲ್ಲ. ಒಂದು ದಿನ ಬಷೀರಣ್ಣ ಬೈಯುವಾಗ ‘ನೀನು’ ಹೋಗಿ ‘ನೀವು ದೊಡ್ಡ ಮೆಕ್ಯಾನಿಕ್ಕು’ ಎಂದು ಬಂತು, ಅಷ್ಟೇ.

ನಮ್ಮ ಕಡೆಯ ರಸ್ತೆಗಳಿಗೆ ಶನಿವಾರ ಭಾನುವಾರ ಬಂತೆಂದರೆ ದೊಡ್ಡ ಬೈಕುಗಳ ದಂಡು. ಹನೂರು ದಾಟಿ ಮಲೆ ಮಹದೇಶ್ವರ ಬೆಟ್ಟ ಹತ್ತುವವರು, ಒಡೆಯರಪಾಳ್ಯದ ಟಿಬೆಟನ್ ಕ್ಯಾಂಪಿನಲ್ಲಿ ಮೊಮೊ ತಿನ್ನಲು ಹೋಗುವವರು, ಗೋಪಿನಾಥಂ ಕಡೆ ಕಾಡು ನೋಡುವವರು. ಮುಂದೆ ಗಾಜು, ಅಕ್ಕಪಕ್ಕ ಡಬ್ಬಿ, ಹಿಂದೆ ಸೋಫಾದಂಥ ಸೀಟು. ದೂರದೂರದ ಪ್ರಯಾಣಕ್ಕೆಂದೇ ಮಾಡಿದ ಗಾಡಿಗಳು. ಅವುಗಳ ಹೊಟ್ಟೆಯಲ್ಲಿ ಸಣ್ಣ ಕಾರಿನಷ್ಟು ಇಂಜಿನ್ನು. ಕಾರಿನಲ್ಲಾದರೆ ಇಂಜಿನ್ನಿಗೂ ನಮಗೂ ನಡುವೆ ಗೋಡೆ ಇದೆ. ಇಲ್ಲಿ ಉರಿಯುವ ಒಲೆಯನ್ನು ತೊಡೆಸಂದಿಯಲ್ಲಿ ಇಟ್ಟುಕೊಂಡು ಊರು ಸುತ್ತುವ ಕಾರ್ಯಕ್ರಮ. ಇಂಜಿನ್ನಿನೊಳಗೆ ಸುತ್ತುವ ನೀರನ್ನು ತಣಿಸಲು ಮುಂದಿನ ಚಕ್ರದ ಹಿಂದುಗಡೆ ರೇಡಿಯೇಟರ್ ಇರುತ್ತದೆ. ಸಣ್ಣ ಸಣ್ಣ ತಗಡಿನ ರೆಕ್ಕೆಗಳನ್ನು ಒತ್ತೊತ್ತಾಗಿ ಜೋಡಿಸಿದ ಹಲಗೆ ಅದು. ಅದರ ಬೆನ್ನಿಗೆ ಒಂದು ಫ್ಯಾನು. ಬೈಕು ಓಡುವಾಗ ಎದುರುಗಾಳಿ ಬಿಸಿಯನ್ನು ಒಯ್ಯುತ್ತದೆ. ನಿಂತರೆ ಫ್ಯಾನು ತಿರುಗಿ ಆ ಬಿಸಿಗಾಳಿಯನ್ನು ಸವಾರನ ಮೊಣಕಾಲಿಗೆ ಪ್ರೀತಿಯಿಂದ ಊದುತ್ತದೆ. ಚಡ್ಡಿ ಹಾಕಿಕೊಂಡು ಬಂದ ಶೋಕಿದಾರರು ನಮ್ಮ ಗ್ಯಾರೇಜಿನಲ್ಲಿ ಮೊದಲು ಕೇಳುತ್ತಿದ್ದದ್ದು ಸ್ಪ್ಯಾನರ್ ಅಲ್ಲ, ಬರ್ನಾಲ್.

ಬಿಸಿ ಎಲ್ಲಿ ಹೊಡೆಯುತ್ತದೆ ಎಂದು ಕಂಡುಹಿಡಿಯಲು ಬಷೀರಣ್ಣನದೇ ಒಂದು ಪದ್ಧತಿ ಇತ್ತು. ದಪ್ಪ ಖಾಕಿ ಪ್ಯಾಂಟನ್ನು ನೀರಿನಲ್ಲಿ ಅದ್ದಿ, ಹಿಂಡಿ, ನನಗೆ ತೊಡಿಸಿ, ಯಳಂದೂರಿನವರೆಗೆ ಹೋಗಿ ಬಾ ಎಂದು ಕಳಿಸುತ್ತಿದ್ದರು. ವಾಪಸ್ ಬಂದ ತಕ್ಷಣ ನನ್ನನ್ನು ತಿರುಗಿಸಿ ತಿರುಗಿಸಿ ನೋಡುವುದು. ಪ್ಯಾಂಟು ಎಲ್ಲಿ ಮೊದಲು ಒಣಗಿದೆಯೋ ಬಿಸಿಗಾಳಿ ಅಲ್ಲಿ ಹೊಡೆಯುತ್ತಿದೆ ಎಂದರ್ಥ. ಬಲ ಮೀನಖಂಡ ಒಣಗಿದರೆ ಸೈಲೆನ್ಸರ್ ಕಡೆಯಿಂದ, ಎರಡೂ ಮೊಣಕಾಲು ಒಣಗಿದರೆ ರೇಡಿಯೇಟರಿನಿಂದ, ತೊಡೆಯ ಒಳಬದಿ ಒಣಗಿದರೆ ಸೀಟಿನ ಕೆಳಗಿನಿಂದ. ಪದ್ಧತಿ ಅಪ್ಪಟ ಚಿನ್ನ. ಕಷ್ಟವೆಲ್ಲ ಯಳಂದೂರಿನಲ್ಲಿ ಟೀ ಕುಡಿಯಲು ಇಳಿದಾಗ. ಅಂಗಡಿ ಕಟ್ಟೆಯ ಮೇಲಿನ ಅಜ್ಜ ಒಬ್ಬರು ನನ್ನ ಪ್ಯಾಂಟನ್ನು ಮೇಲಿಂದ ಕೆಳಗೆ ನೋಡಿ ಕೇಳಿದ್ದರು:

“ಯಾಕ್ಲಾ ಮಗ, ದಾರೀಲಿ ಎಲ್ಲೂ ಮರ ಸಿಗ್ನಿಲ್ವಾ?”

ಆಮೇಲೆ ಬಂದೂಕಿನಂಥ ಥರ್ಮಾಮೀಟರ್ ಬಂತು. ಕೊರೊನಾ ಕಾಲದಲ್ಲಿ ಹಣೆಗೆ ಹಿಡಿಯುತ್ತಿದ್ದರಲ್ಲ, ಅದರ ಅಣ್ಣ. ಅದು ಬಂದ ದಿನ ನಾನು ಮೊದಲು ಹಿಡಿದದ್ದು ಬಷೀರಣ್ಣನ ನೆತ್ತಿಗೆ. ಬಂದೂಕು ಒಳ್ಳೆಯದೇ; ಯಾವ ಕಬ್ಬಿಣ ಎಷ್ಟು ಕಾದಿದೆ ಎಂದು ಹೇಳುತ್ತದೆ. ಯಾರ ಕಾಲಿಗೆ ಎಲ್ಲಿ ತಾಗುತ್ತದೆ ಎಂದು ಹೇಳುವುದಿಲ್ಲ. ಎರಡನ್ನೂ ಇಟ್ಟುಕೊಳ್ಳಿ. ಒದ್ದೆ ಪ್ಯಾಂಟಿಗೆ ನಾಚಬೇಡಿ.

ಇನ್ನು ಮಾದಪ್ಪನವರ ಬೈಕಿಗೆ ಬರುತ್ತೇನೆ. ನಾನು ಈ ಕೆಲಸದಲ್ಲಿ ಕಲಿತದ್ದೆಲ್ಲ ಆ ಒಂದೇ ಗಾಡಿಯಲ್ಲಿದೆ.

ಮಾದಪ್ಪನವರು ಹೊನ್ನೂರಿನವರು. ಭತ್ತ, ಕಬ್ಬು, ತೆಂಗು, ಒಂದಷ್ಟು ಹಿಪ್ಪುನೇರಳೆ. ಹಣೆ ತುಂಬ ವಿಭೂತಿ, ಮೇಲೆ ಹೆಲ್ಮೆಟ್ಟು, ಕೆಳಗೆ ಪಂಚೆ. ತಲೆ ನರೆತ ವಯಸ್ಸಿನಲ್ಲಿ ಬೆಂಗಳೂರಿನಿಂದ ಒಂದು ಸೆಕೆಂಡ್ ಹ್ಯಾಂಡ್ ದೊಡ್ಡ ಬೈಕು ತಂದರು. ಊರೇ ಬಾಯಿ ಬಿಟ್ಟಿತು. ಕಾರಣ ಅವರ ಹೆಂಡತಿ ಪುಟ್ಟಮ್ಮನವರು. ಮದುವೆಯಾದ ಹೊಸದರಲ್ಲಿ ಸಮುದ್ರ ತೋರಿಸುತ್ತೇನೆ ಎಂದು ಮಾತು ಕೊಟ್ಟಿದ್ದರಂತೆ. ಅಷ್ಟರಲ್ಲಿ ಮನೆಗೆ ರೇಷ್ಮೆ ಹುಳು ಬಂತು. ಹುಳು ಸಾಕುವವರ ಮನೆ ನೋಡಿದ್ದೀರಾ? ಹಗಲು ರಾತ್ರಿ ಸೊಪ್ಪು ಹಾಕಬೇಕು, ಬೇಲಿ ದಾಟಿ ನೆಂಟರ ಮನೆಗೂ ಹೋಗುವ ಹಾಗಿಲ್ಲ. ಒಂದು ಬೆಳೆ ಎದ್ದು ಇನ್ನೊಂದು ಬೆಳೆಯ ಮರಿ ಬರುವ ನಡುವೆ ಸಿಗುವ ನಾಲ್ಕಾರು ದಿನಗಳೇ ಪುಟ್ಟಮ್ಮನವರ ರಜೆ. ಆ ರಜೆಯಲ್ಲಿ ಹೋಗೋಣವೆಂದರೆ ಅವರಿಗೆ ಬಸ್ಸು, ಕಾರು ಹತ್ತಿದರೆ ವಾಂತಿ. ಬಯಲು ಗಾಳಿ ಮುಖಕ್ಕೆ ಬಡಿಯುತ್ತಿರಬೇಕು. ಅದಕ್ಕೇ ಈ ಬೈಕು.

ಮೊದಮೊದಲು ಯಳಂದೂರು, ಕೊಳ್ಳೇಗಾಲ ಎಂದು ಹತ್ತಿರದಲ್ಲೇ ಓಡಾಡಿದರು. ಆಮೇಲೆ ಒಂದು ಬೆಳೆ ಎದ್ದ ಬಿಡುವಿನಲ್ಲಿ, ಸಮುದ್ರಕ್ಕೆ ಮುಂಚೆ ಒಂದು ದೊಡ್ಡ ಪ್ರಾಕ್ಟೀಸ್ ಇರಲಿ ಎಂದು ಇಬ್ಬರೂ ಮಲೆ ಮಹದೇಶ್ವರ ಬೆಟ್ಟ ಹತ್ತಿಬಂದರು. ಬರುವಾಗ ಹನೂರಿನ ಬಸ್ ಸ್ಟ್ಯಾಂಡ್ ಎದುರು ಪುಟ್ಟಮ್ಮನವರು ಇಳಿದರು. ಸೀರೆ ಒಂಚೂರು ಎತ್ತಿ ಮೀನಖಂಡ ನೋಡಿಕೊಂಡರು. ಅದು ಬೆಂದ ಬೀಟ್‌ರೂಟಿನ ಬಣ್ಣಕ್ಕೆ ತಿರುಗಿತ್ತು. ಬಸ್ಸೆಂದರೆ ವಾಂತಿ ಮಾಡುವ ಆ ಹೆಂಗಸು ಹೋಗಿ ಕೊಳ್ಳೇಗಾಲದ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತುಬಿಟ್ಟರು.

ಆಮೇಲಿನದನ್ನು ನಾನು ಗ್ಯಾರೇಜಿನ ಬಾಗಿಲಲ್ಲೇ ನಿಂತು ಕಣ್ಣಾರೆ ಕಂಡೆ. ಮುಂದೆ ಬಸ್ಸು. ಅದರ ಕಿಟಕಿಯ ಮಗ್ಗುಲಿಗೇ ಮಾದಪ್ಪನವರ ಬೈಕು. ಪಂಚೆ ಪಟಪಟ ಹಾರುತ್ತಿದೆ.

“ಇಳಿಯಮ್ಮಿ! ನಿಧಾನ್ಕೆ ಓಯ್ತಿನಿ, ಇಳಿ!”

ಕಿಟಕಿಯಿಂದ ಉತ್ತರ ಬಂತು: “ರಸ್ತೆ ನೋಡ್ಕಂಡ್ ಓಡ್ಸಿ. ಕಾಲಂತೂ ಬೇಯ್ಸುದ್ರಿ, ತಲೆ ಒಡ್ಕಬ್ಯಾಡಿ!”

ಕಂಡಕ್ಟರು ತಲೆ ಹೊರಗೆ ಹಾಕಿ, “ಯಜಮಾನ್ರೆ, ನೀವು ಮುಂದಕ್ ಓಗಿ, ನಿಮ್ಮನೆಯೋರ್ನ ನಾ ತಂದ್ ಬುಡ್ತಿನಿ,” ಎಂದ. ಮಾದಪ್ಪನವರು ಬೈಕನ್ನು ಸೀದಾ ನಮ್ಮ ಗ್ಯಾರೇಜಿಗೆ ತಿರುಗಿಸಿ, ಹೆಲ್ಮೆಟ್ ತೆಗೆದು, ಅಳುವವರ ಹಾಗೆ ನಿಂತರು. “ಬಷೀರಾ, ಇದು ಮೊದ್ಲು ಹಿಂಗಿರ್ನಿಲ್ಲ ಕಣೋ.”

ಈ ವಾಕ್ಯವನ್ನು ಎಲ್ಲ ಗಾಡಿ ಮಾಲೀಕರೂ ಹೇಳುತ್ತಾರೆ. ಅದಕ್ಕೇ ನಾವಿಬ್ಬರೂ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ನೀವು ಹಾಕಿಕೊಳ್ಳಿ. ‘ಮೊದಲು ಹೀಗಿರಲಿಲ್ಲ’ ಎಂದರೆ ನಡುವೆ ಏನೋ ಆಗಿದೆ ಎಂದರ್ಥ. ಅದನ್ನು ಕೇಳದೆ ನಾವು ಪಟ್ಟ ಪಾಡು ಮುಂದಿದೆ.

ವಾರವಾದ ಮೇಲೆ ಬಷೀರಣ್ಣ ಮತ್ತು ನಾನು ಹೊನ್ನೂರಿಗೆ ಹೋದೆವು. ಹುಳದ ಮನೆಯ ಹತ್ತಿರ ಬೈಕು ಸ್ಟಾರ್ಟ್ ಮಾಡುವ ಹಾಗೇ ಇಲ್ಲ. ಹೊಗೆಗೆ ಹುಳು ಸಾಯುತ್ತವೆ. ಬೆಳೆ ಇದ್ದಷ್ಟು ದಿನ ಮಾದಪ್ಪನವರು ಆ ಆನೆಯನ್ನು ಪಕ್ಕದ ಶೆಡ್ಡಿನಿಂದ ರಸ್ತೆಯವರೆಗೆ ಉಸ್ಸಪ್ಪಾ ಎಂದು ತಳ್ಳಿಕೊಂಡು ಬರಬೇಕು. ಪುಟ್ಟಮ್ಮನವರು ಸೀರೆ ಮೇಲೆ ಗಂಡನ ಹಳೇ ಫುಲ್‌ ಶರ್ಟು ತೊಟ್ಟು, ಸೊಪ್ಪಿನ ಹೊರೆ ಇಳಿಸಿ, ನಮ್ಮಿಬ್ಬರನ್ನು ಹುಳು ನೋಡುವ ಹಾಗೆ ನೋಡಿದರು.

“ನೋಡಪ್ಪಾ ಬಷೀರಣ್ಣ. ಹುಳ ಈಗ ಜ್ವರಕ್ಕೆ ಕುಂತವೆ.” ಹುಳು ಮೇವು ಬಿಟ್ಟು ಪೊರೆ ಕಳಚುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. “ನನ್ ಹುಳಕ್ಕೂ ಜ್ವರ, ನಿಮ್ ಗಾಡಿಗೂ ಜ್ವರ. ಹುಳ ಜ್ವರ ಬುಟ್ಟು ಏಳ್ತವೆ, ನಿಮ್ ಗಾಡಿ ಏಳಾಕಿಲ್ಲ. ಇವು ಗೂಡು ಕಟ್ಟಿ, ಗೂಡು ಬಿಡ್ಸೋ ಗಂಟ ಟೈಮು. ಅಷ್ಟ್ರಲ್ಲಿ ತಣ್ಗಾದ್ರೆ ಹತ್ತಿನಿ. ಇಲ್ದಿದ್ರೆ ಮಾರ್ಬುಡಿ. ಈ ಮನೇಲಿ ಸಮುದ್ರದ ಮಾತು ಇನ್ನೊಂದ್ ಸಲ ಎತ್ಬ್ಯಾಡಿ.”

ಕೊನೆಯ ಮಾತು ಹೇಳಿದ್ದು ನಮಗಲ್ಲ. ಮಾದಪ್ಪನವರು ಚಪ್ಪಲಿ ನೋಡಿಕೊಂಡರು.

ಕೆಲಸ ಶುರುವಾಯಿತು. ಬಷೀರಣ್ಣನ ಮೊದಲ ಐಡಿಯಾ ಸೀರೆ ಗಾರ್ಡು. ಸೀರೆ ಚಕ್ರಕ್ಕೆ ಸಿಕ್ಕದಿರಲಿ ಎಂದು ಹಾಕುವ ಕಂಬಿಯ ಜಾಲರಿಯನ್ನು ಎಡಗಡೆಯ ಡಬ್ಬಿ ತೆಗೆದು ಮೊದಲೇ ಹಾಕಿದ್ದರು. ಈಗ ಅದರ ಮೇಲೆ ಕಾಲಿಗೆ ಬಿಸಿ ತಾಗದಂತೆ ಉದ್ದಕ್ಕೂ ತಗಡು ಬೆಸೆದರು. ಪರೀಕ್ಷೆಗೆ ಪುಟ್ಟಮ್ಮನವರು ಬರಲು ಒಪ್ಪಲಿಲ್ಲ. ಹಾಗಾಗಿ ಪುಟ್ಟಮ್ಮನವರ ಪಾತ್ರಕ್ಕೆ ನನ್ನ ಆಯ್ಕೆಯಾಯಿತು. ನನ್ನ ಅಕ್ಕನ ಹಳೇ ಸೀರೆ ಉಟ್ಟು, ಮೀನಖಂಡಕ್ಕೆ ಒದ್ದೆ ಬಟ್ಟೆ ಸುತ್ತಿ, ತಲೆಗೆ ಹೆಲ್ಮೆಟ್ ಹಾಕಿ, ಎರಡೂ ಕಾಲು ಎಡಕ್ಕೆ ಬಿಟ್ಟು ಮಾದಪ್ಪನವರ ಹಿಂದೆ ಕೂತೆ. ಮೀಸೆ ಹೆಲ್ಮೆಟ್ಟಿನೊಳಗೆ. ಯಳಂದೂರಿನ ಸರ್ಕಲ್ಲಿನಲ್ಲಿ ಮಾದಪ್ಪನವರ ಪರಿಚಯದವರೊಬ್ಬರು ಅಡ್ಡ ಬಂದು ನಿಲ್ಲಿಸಿದರು.

“ಎತ್ಲಾಗೆ ಸವಾರಿ ಮಾದಪ್ಪಾರೆ? ಅಮ್ಮಾರು ಚೆನ್ನಾಗಿದ್ದಾರಾ?”

ಮಾದಪ್ಪನವರು ತಡಬಡಿಸುವಷ್ಟರಲ್ಲಿ ನನ್ನ ಬಾಯಿ ಸುಮ್ಮನಿರಬೇಕಲ್ಲ? ಪುಟ್ಟಮ್ಮನವರದೇ ದನಿಯಲ್ಲಿ, “ಚೆನ್ನಾಗಿವ್ನಿ ಕಣಪ್ಪ, ಕಾಲ್ ಒಂದ್ ಬಿಟ್ಟು!” ಎಂದುಬಿಟ್ಟೆ. ಅವರು ಕೈಮುಗಿದರು. ನಾವು ಹೊನ್ನೂರಿಗೆ ಹಿಂತಿರುಗುವ ಹೊತ್ತಿಗೆ ಸುದ್ದಿ ಫೋನಿನಲ್ಲಿ ನಮಗಿಂತ ಮುಂಚೆ ತಲುಪಿತ್ತು. ಅಸಲಿ ಪುಟ್ಟಮ್ಮನವರು ಬಾಗಿಲಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತಿದ್ದರು.

“ಯಾವಳ್ರೀ ಅವ್ಳು, ನಿಮ್ ಹಿಂದೆ ಕುಂತಿದ್ದೋಳು?”

ನಾನು ಹೆಲ್ಮೆಟ್ ತೆಗೆದೆ. ಅವರು ನನ್ನ ಮೀಸೆ, ಸೀರೆ, ಒದ್ದೆ ಬಟ್ಟೆ ಎಲ್ಲವನ್ನೂ ನೋಡಿ, ನಗದೇ ಇರಲು ಬಹಳ ಕಷ್ಟಪಟ್ಟು, “ನೆರಿಗೆ ನೆಟ್ಗೆ ಹಾಕಕ್ಕೂ ಬರಲ್ಲ ಇವ್ನ್ಗೆ,” ಎಂದು ಒಳಗೆ ಹೋದರು. ಒದ್ದೆ ಬಟ್ಟೆ ಒಣಗಿ ಹಪ್ಪಳವಾಗಿತ್ತು. ತಗಡು ಬಿಸಿಯನ್ನು ತಡೆಯುವ ಬದಲು ಹಿಡಿದಿಟ್ಟುಕೊಂಡು ದೋಸೆ ಹೆಂಚಿನ ಹಾಗೆ ಕಾದಿತ್ತು. ತೆಗೆದು ಬಿಸಾಡಿದೆವು. ಬಿಸಿಗೆ ಅಡ್ಡ ನಿಲ್ಲುವ ಮೊದಲು ಅದು ಹೊರಗೆ ಹೋಗಲು ದಾರಿ ಎಲ್ಲಿದೆ ಎಂದು ನೋಡಿ. ದಾರಿ ಮುಚ್ಚಿದರೆ ಅದು ನಿಮ್ಮ ಮೇಲೇ ತಿರುಗಿ ಬೀಳುತ್ತದೆ.

ಎರಡನೇ ಐಡಿಯಾ ನನ್ನದು, ಅದಕ್ಕೇ ಅದು ಇನ್ನೂ ಭಯಂಕರ. ಸೈಲೆನ್ಸರ್ ಪೈಪಿಗೆ ಸುತ್ತುವ ಒಂದು ನಾರಿನ ಪಟ್ಟಿ ಸಿಗುತ್ತದೆ. ಸುತ್ತಿದರೆ ಪೈಪಿನ ಬಿಸಿ ಕಾಲಿಗೆ ಬರುವುದಿಲ್ಲ. ಮೊದಲ ಸಲ ಕಾದಾಗ ಅದು ಹೊಗೆಯಾಡುತ್ತದೆ, ಗಾಬರಿಯಾಗಬೇಡಿ ಎಂದು ಡಬ್ಬದ ಮೇಲೆ ಬರೆದಿತ್ತು. ನಾನು ಗಾಬರಿಯಾಗಲಿಲ್ಲ. ಆದರೆ ಡಬ್ಬವನ್ನು ಹನೂರಿನ ಜನರು ಓದಿರಲಿಲ್ಲ. ಪೇಟೆ ಬೀದಿಯಲ್ಲಿ ದಟ್ಟ ಹೊಗೆ ಬಿಟ್ಟುಕೊಂಡು ಗತ್ತಿನಲ್ಲಿ ಹೋಗುತ್ತಿದ್ದೆ.

“ಅಯ್ಯಯ್ಯೋ, ಉರಿ ಹತ್ಕತ್ತು! ಹಾರ್ಕಳ್ಲಾ, ಹಾರ್ಕಳ್ಲಾ!”

ಯಾಕೆ ಹಾರಬೇಕು ಎಂದು ನಾನು ತಿರುಗಿ ನೋಡುವಷ್ಟರಲ್ಲಿ ಟೀ ಅಂಗಡಿಯ ಅಕ್ಕ ಲೋಟ ತೊಳೆದ ಒಂದು ಬಕೀಟು ನೀರನ್ನು ನನ್ನ ಮೇಲೂ ಬೈಕಿನ ಮೇಲೂ ಸಮನಾಗಿ ಹಂಚಿದರು. ಕಾದ ಪೈಪಿಗೆ ನೀರು ಬಿದ್ದು ‘ಚೊಂಯ್’ ಎಂದ ಆ ಸದ್ದನ್ನು ನಾನು ಇವತ್ತಿಗೂ ಸ್ಟೇಜಿನಲ್ಲಿ ಮಾಡುತ್ತೇನೆ, ಬಹಳ ಚಪ್ಪಾಳೆ ಬೀಳುತ್ತದೆ. ಅಕ್ಕ ಪಾಪ ಒಳ್ಳೆಯ ಮನಸ್ಸಿನಿಂದಲೇ ಎರಚಿದ್ದು. ತಲೆ ಒರೆಸಿಕೊಳ್ಳಲು ಬಟ್ಟೆಯನ್ನೂ ಕೊಟ್ಟರು. ಕೂದಲಿನಲ್ಲಿ ಟೀ ಸೊಪ್ಪಿತ್ತು. ಪಟ್ಟಿ ಸುತ್ತಿದ ಮೇಲೆ ಬಲಗಡೆಯ ಬಿಸಿ ಸ್ವಲ್ಪ ತಗ್ಗಿತು ನಿಜ. ಎರಡೂ ಕಡೆಯಿಂದ ಬರುವ ಬಿಸಿಗಾಳಿ ಮಾತ್ರ ಹಾಗೇ ಇತ್ತು. ರೇಡಿಯೇಟರಿನ ನೀರು ಬದಲಿಸಿದೆವು, ಫ್ಯಾನು ಪರೀಕ್ಷಿಸಿದೆವು, ಚೆನ್ನಾಗಿ ತಿರುಗುತ್ತಿತ್ತು. ಎದುರಿನಿಂದ ಪೈಪಿಟ್ಟು ಪ್ರೆಶರ್ ವಾಶ್ ಹೊಡೆದೆವು. ಮುಂದಿನ ಜಾಲರಿ ಕನ್ನಡಿಯ ಹಾಗೆ ಹೊಳೆಯಿತು. ಬಿಸಿ ಇನ್ನೊಂದು ಚೂರು ಹೆಚ್ಚಾಯಿತು.

ಮೈಸೂರಿನ ಒಂದು ಶೋರೂಮಿಗೂ ಒಯ್ದೆವು. ಅಲ್ಲಿಯವರು ಎಸಿ ರೂಮಿನಲ್ಲಿ ಕೂರಿಸಿ ಕಾಫಿ ಕೊಟ್ಟು, “ದೊಡ್ಡ ಇಂಜಿನ್ ಸರ್, ಬಿಸಿ ಇದ್ದೇ ಇರುತ್ತೆ. ಅಭ್ಯಾಸ ಆಗುತ್ತೆ,” ಎಂದರು. ತಪ್ಪೇನಲ್ಲ, ದೊಡ್ಡ ಬೈಕಿನಲ್ಲಿ ಬಿಸಿ ಇದ್ದೇ ಇರುತ್ತದೆ. ಆದರೆ ಮಾದಪ್ಪನವರು ಕಾಫಿ ಲೋಟ ಕೆಳಗಿಟ್ಟು ಮೆಲ್ಲಗೆ ಹೇಳಿದರು: “ನನ್ಗೇನೋ ಆಯ್ತದೆ ಸಾ. ಅವ್ಳು ಅಭ್ಯಾಸ ಮಾಡ್ಕಳಕ್ಕೆ ಯಾಕೆ ಹತ್ಬೇಕು? ಸಮುದ್ರ ನೋಡ್ಬೇಕು ಅಂದ್ಲೇ ಹೊರ್ತು ತಪಸ್ಸು ಮಾಡ್ಬೇಕು ಅನ್ನಿಲ್ಲ.”

ಅಷ್ಟರಲ್ಲಿ ಹೊನ್ನೂರಿನಲ್ಲಿ ಹುಳು ಹಣ್ಣಾಗಿ ಚಂದ್ರಿಕೆ ಏರಿದವು. ಚಂದ್ರಿಕೆ ಎಂದರೆ ಹುಳು ಗೂಡು ಕಟ್ಟುವ ಬಿದಿರಿನ ತಟ್ಟೆ. ಗೂಡು ಗಟ್ಟಿಯಾದ ಮೇಲೆ ಬಿಡಿಸುತ್ತಾರೆ, ಅಲ್ಲಿಗೆ ಪುಟ್ಟಮ್ಮನವರು ಕೊಟ್ಟ ಗಡುವು ಮುಗಿಯಿತು. ಮಾದಪ್ಪನವರು ಕೊನೆಯದಾಗಿ ಬೈಕು ತಂದು ಗ್ಯಾರೇಜಿನಲ್ಲಿ ನಿಲ್ಲಿಸಿ, “ಯಾರಾದ್ರೂ ತಕಳೋರಿದ್ರೆ ನೋಡ್ಲಾ ಬಷೀರಾ,” ಎಂದು ಬೆಂಚಿನ ಮೇಲೆ ಕೂತರು. ಹೆಲ್ಮೆಟ್ಟನ್ನು ಮಡಿಲಲ್ಲಿ ಮಗುವಿನ ಹಾಗೆ ಇಟ್ಟುಕೊಂಡಿದ್ದರು.

ಅದೇ ಹೊತ್ತಿಗೆ ಬೆಂಗಳೂರಿನಿಂದ ಬಂದ ಸವಾರರೊಬ್ಬರು ಪಂಕ್ಚರಿಗೆ ನಿಲ್ಲಿಸಿದರು. ನೋಡಿದರೆ ಅದೇ ಜಾತಿಯ, ಅದೇ ಬಣ್ಣದ ಬೈಕು. ಎರಡೂ ಇಂಜಿನ್ನುಗಳನ್ನು ಇನ್ನೂ ಆರಿಸಿರಲಿಲ್ಲ, ಎರಡರ ಫ್ಯಾನೂ ತಿರುಗುತ್ತಿತ್ತು. ಮಾದಪ್ಪನವರ ಮುಖ ನೋಡಲಾಗದೆ, ನಗಿಸೋಣವೆಂದು ನಾನು ಶುರುಮಾಡಿದೆ. ಮೊದಲು ಬೆಂಗಳೂರು ಬೈಕಿನ ಫ್ಯಾನಿನ ಸದ್ದು. ಬಾಯಿ ಅಗಲಿಸಿ ‘ಹೂಊಊಊ’. ಸವಾರರು ಕುಣಿದಾಡಿಬಿಟ್ಟರು. “ಸೂಪರ್! ಈಗ ಅದರದ್ದು!” ಎಂದು ಮಾದಪ್ಪನವರ ಬೈಕು ತೋರಿಸಿದರು.

ಅದೇ ಬೈಕಲ್ಲವೇ? ಅದೇ ಸದ್ದು ಮಾಡಿದೆ.

ಮಾದಪ್ಪನವರು ತಲೆ ಅಲ್ಲಾಡಿಸಿದರು. “ಅಲ್ಲ ಕಣ್ಲಾ ನಂಜ. ನನ್ ಗಾಡೀದು ಅಂಗಿಲ್ಲ. ಅದು ಒಸಿ ಉಬ್ಬುಸ ಬಂದೋರ್ ತರ.”

ಕಿವಿಗೊಟ್ಟು ಕೇಳಿದೆ. ಹೌದಲ್ಲ! ಮೂಗು ಮುಚ್ಚಿ ಮಾಡಿದೆ, ಬರಲಿಲ್ಲ. ತುಟಿ ಕಚ್ಚಿ ಮಾಡಿದೆ, ಬರಲಿಲ್ಲ. ಗಂಟಲಿನಿಂದ ಮಾಡಿದೆ, ಕೆಮ್ಮು ಬಂತು. ನನಗೆ ಬಾರದ ಸದ್ದು ಒಂದು ಈ ಭೂಮಿಯ ಮೇಲೆ ಇದೆಯೇ ಎಂದು ಹಟ ಹತ್ತಿತು. ಹೆಗಲ ಮೇಲಿದ್ದ ಟವಲನ್ನು ಮಡಿಸಿ ಬಾಯಿಗೆ ಬಿಗಿಯಾಗಿ ಒತ್ತಿಕೊಂಡು ಊದಿದೆ: ‘ಘೂಂಂಂಂ’.

“ಅದೇ! ಅದೇ ಕಣ್ಲಾ!” ಎಂದು ಮಾದಪ್ಪನವರು ಬೆಂಚಿನಿಂದ ಎದ್ದರು. ಎಲ್ಲರೂ ನಕ್ಕರು. ಬಷೀರಣ್ಣ ಮಾತ್ರ ನಗಲಿಲ್ಲ.

“ಇನ್ನೊಂದ್ಸಲ ಮಾಡ್ಲಾ.”

ಮಾಡಿದೆ.

“ಟವಲ್ ತೆಗ್ದು ಮಾಡು.”

ಮಾಡಿದೆ. ಅದು ಬೆಂಗಳೂರಿನ ಬೈಕು.

“ಹಾಕಂಡ್ ಮಾಡು.”

ಟವಲು ಬಾಯಿಗೆ ಹೋಗುವ ದಾರಿಯಲ್ಲೇ ನನ್ನ ಕೈ ನಿಂತಿತು. ನಾನೂ ಬಷೀರಣ್ಣನೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಈ ಸದ್ದಿಗೆ ನನ್ನ ಬಾಯಿ ಮೇಲೆ ಬಟ್ಟೆ ಬೇಕು ಅಂದರೆ, ಆ ಬೈಕಿನ ಬಾಯಿ ಮೇಲೂ ಒಂದು ಬಟ್ಟೆ ಇದೆ! ಆಮೇಲೆ ಯಾರು ಯಾವ ಸ್ಪ್ಯಾನರ್ ಹಿಡಿದರು, ಯಾರು ಯಾರ ಕಾಲು ತುಳಿದರು ನೆನಪಿಲ್ಲ. ಪಂಕ್ಚರಿಗೆ ಬಂದವರೂ ಜಾಕೆಟ್ ಬಿಚ್ಚಿ ಕೂತುಬಿಟ್ಟರು. ಮುಂದಿನ ಜಾಲರಿ ಬಿಚ್ಚಿದೆವು. ಅದರ ಹಿಂದೆ ಕಪ್ಪಗೆ, ಒತ್ತಾಗಿ ಕಾಣುತ್ತಿದ್ದದ್ದನ್ನು ನಾವು ಇಷ್ಟು ದಿನ ರೇಡಿಯೇಟರ್ ಎಂದುಕೊಂಡಿದ್ದೆವು. ಬಷೀರಣ್ಣ ಸ್ಕ್ರೂಡ್ರೈವರಿನ ತುದಿಯಿಂದ ಅದರ ಅಂಚನ್ನು ಮೀಟಿದರು. ರೇಡಿಯೇಟರ್ ಚಾಪೆಯ ಹಾಗೆ ಸುರುಳಿಯಾಗಿ ಎದ್ದು ಬಂತು. ಒಳಗೆ ಅಸಲಿ ರೇಡಿಯೇಟರ್ ಉಸಿರು ಕಟ್ಟಿ ಕೂತಿತ್ತು.

ಕೈಯಲ್ಲಿ ಹಿಡಿದು ನೋಡಿದರೆ ಕಂಬಳಿಯಂಥ ಒಂದು ಪದರ. ಹೊರಗೆ ರಸ್ತೆಯ ಮಸಿ, ಒಳಗೆ ಬೆಳ್ಳಗೆ ಮಿರಮಿರ. ಏನೆಂದು ಯಾರಿಗೂ ತಿಳಿಯಲಿಲ್ಲ. ನಾನು, ಬಷೀರಣ್ಣ, ಮಾದಪ್ಪನವರು ಅದನ್ನು ಹಿಡಿದುಕೊಂಡು ಹೊನ್ನೂರಿಗೆ ಹೋದೆವು.

ಶೆಡ್ಡಿನ ಬಾಗಿಲಲ್ಲಿ ನಿಂತಾಗಲೇ ಉತ್ತರ ಮುಖಕ್ಕೆ ರಾಚಿತು. ಬಿಡಿಸಿದ ಗೂಡುಗಳ ಮೇಲೆ ಸುತ್ತಿಕೊಂಡಿರುವ ಹುಸಿ ಎಳೆಗೆ ಜುಂಗು ಎನ್ನುತ್ತಾರೆ. ಅದನ್ನು ತೆಗೆಯುವ ಸಣ್ಣ ಮೋಟರಿನ ಮಿಷನ್ನು ತಿರುಗುತ್ತಿತ್ತು. ಅಕ್ಕಪಕ್ಕದ ಮನೆಯ ಹೆಂಗಸರೆಲ್ಲ ಸಹಾಯಕ್ಕೆ ಬಂದು ಕೂತಿದ್ದರು. ಇಡೀ ಶೆಡ್ಡಿನ ಗಾಳಿಯಲ್ಲಿ ಬಿಳಿ ಎಳೆಗಳು ತೇಲುತ್ತಿದ್ದವು. ಬೈಕಿನ ಜಾಗ ಆ ಮಿಷನ್ನಿನ ಮಗ್ಗುಲಲ್ಲೇ. ಹುಳು ಇರುವಾಗ ಸ್ಟಾರ್ಟ್ ಮಾಡುವಂತಿಲ್ಲ. ಗೂಡು ಬಿಡಿಸುವ ದಿನ ಹುಳು ಇಲ್ಲ, ಜನ ಇದ್ದಾರೆ. ಬಂದವರಿಗೆಲ್ಲ ಮಾದಪ್ಪನವರು ಬೈಕು ಸ್ಟಾರ್ಟ್ ಮಾಡಿ ತೋರಿಸುತ್ತಿದ್ದರು. ಸುಮ್ಮನೆ ಸ್ಟಾರ್ಟ್ ಮಾಡಿದರೆ ಸಾಕೇ? ಇಂಜಿನ್ನು ಕಾದು ತಾನಾಗಿಯೇ ಫ್ಯಾನ್ ಬರುವವರೆಗೆ ಕಾಯುತ್ತಿದ್ದರು. “ನೋಡಿ, ಈಗ ಬತ್ತದೆ ನೋಡಿ!” ಫ್ಯಾನ್ ಬಂದ ಕೂಡಲೇ ಎಲ್ಲರೂ “ಓ!” ಎನ್ನುತ್ತಿದ್ದರು. ಫ್ಯಾನು ಆ ಜಯಕಾರದ ನಡುವೆ ಶೆಡ್ಡಿನ ಜುಂಗನ್ನೆಲ್ಲ ಎಳೆದೆಳೆದು ರೇಡಿಯೇಟರಿನ ಮುಖಕ್ಕೆ ಮೆತ್ತಿಕೊಳ್ಳುತ್ತಿತ್ತು. ಬೆಳೆ ಬೆಳೆಗೂ ಒಂದೊಂದು ಪದರ. ಅದರ ಮೇಲೆ ನಮ್ಮ ಪ್ರೆಶರ್ ವಾಶ್ ಬೇರೆ. ಎದುರಿನಿಂದ ನೀರು ಹೊಡೆದು ಚೆನ್ನಾಗಿ ಒಳಕ್ಕೆ ಗಿಡಿದಿದ್ದೆವು. ಹುಡುಗರೇ, ರೇಡಿಯೇಟರನ್ನು ಯಾವತ್ತೂ ಬೆನ್ನಿನ ಕಡೆಯಿಂದ ಮುಂದಕ್ಕೆ ಮೆಲ್ಲಗೆ ತೊಳೆಯಿರಿ. ಅದಕ್ಕೂ ಮುಂಚೆ ಗಾಡಿ ಎಲ್ಲಿ ಮಲಗುತ್ತದೆ ಎಂದು ಹೋಗಿ ನೋಡಿ ಬನ್ನಿ.

ಪುಟ್ಟಮ್ಮನವರು ಆ ಪದರವನ್ನು ನನ್ನ ಕೈಯಿಂದ ತೆಗೆದುಕೊಂಡು ಒಂದು ಎಳೆ ಎಳೆದರು.

“ನನ್ ಜುಂಗೇ ನನ್ ಕಾಲ್ ಸುಟ್ಟದಾ!” ಎಂದು ನಗತೊಡಗಿದವರು ನಿಲ್ಲಿಸಲೇ ಇಲ್ಲ. ಕೂತಿದ್ದ ಹೆಂಗಸರೂ ನಕ್ಕರು. ಮಾದಪ್ಪನವರು ನಗಬೇಕೋ ಬೇಡವೋ ಎಂದು ಹೆಂಡತಿಯ ಮುಖವನ್ನೇ ನೋಡುತ್ತಿದ್ದರು. “ನೀವೂ ನಗಿ, ಪರ್ವಾಗಿಲ್ಲ,” ಎಂದ ಮೇಲೆ ನಕ್ಕರು.

ಆದರೂ ಪುಟ್ಟಮ್ಮನವರು ಬಾಯಿಮಾತಿಗೆ ಬಗ್ಗುವವರಲ್ಲ. ರೇಡಿಯೇಟರ್ ತೊಳೆದು ಮರುದಿನ ತಂದಾಗ, ತಾವೇ ಒದ್ದೆ ಬಟ್ಟೆ ಹಿಂಡಿ ಎರಡೂ ಮೀನಖಂಡಕ್ಕೆ ಸುತ್ತಿಕೊಂಡರು. “ಈ ಮೀಸೆ ಹೆಂಗ್ಸು ಬ್ಯಾಡ, ನಾನೇ ನೋಡ್ತಿನಿ,” ಎಂದು ಹತ್ತಿದರು. ಯಳಂದೂರಿಗೆ ಹೋಗಿ ಬರುವವರೆಗೆ ಬಷೀರಣ್ಣ ಜಗಲಿಯ ಮೇಲೆ ಕೂತು ಉಗುರು ಕಚ್ಚಿದರು. ನಾನು ಅವರು ಉಗುರು ಕಚ್ಚುವ ಸದ್ದು ಮಾಡಿದೆ, ಏಟು ತಿಂದೆ. ಬೈಕು ಬಂದು ನಿಂತಿತು. ಪುಟ್ಟಮ್ಮನವರು ಇಳಿದು, ಕಾಲಿಗೆ ಸುತ್ತಿದ್ದ ಬಟ್ಟೆ ಬಿಚ್ಚಿ, ಬಷೀರಣ್ಣನ ಮುಂದೆ ಹಿಂಡಿದರು. ಎರಡು ಹನಿ ನೀರು ಬಿತ್ತು. ಒಳಗೆ ಹೋಗುತ್ತ ಗಂಡನಿಗೆ ಹೇಳಿದರು:

“ನಿಮ್ದೊಂದ್ ಒಗ್ದಿರೋ ಫುಲ್ ಶರ್ಟು ತಗ್ದಿಡಿ. ಗಾಳಿಗೆ ಬೇಕಾಯ್ತದೆ.”

ನಮ್ಮ ಕಸುಬಿನಲ್ಲಿ ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ನಾನು ಕಂಡಿಲ್ಲ. ಹೊರಡುವ ಮುಂಚೆ ಸೀಟಿಗೆ ಹೊಸ ಸ್ಪಂಜು ಹಾಕಿದೆವು, ಸೈಲೆನ್ಸರಿಗೆ ಗಾಳಿಯಾಡುವ ಜಾಲಿಯ ಕವಚ ಕೊಟ್ಟೆವು. ಒಂದು ಪಕ್ಕಕ್ಕೆ ಕಾಲು ಬಿಟ್ಟು ಕೂತರೆ ಅಷ್ಟು ದೂರ ಸೊಂಟ ಉಳಿಯುವುದಿಲ್ಲ ಎಂದು ಹೇಳಲು ನಾವು ಗಂಡಸರು ಹೆದರಿ ಒಬ್ಬರನ್ನೊಬ್ಬರು ತಿವಿಯುತ್ತಿದ್ದೆವು. ಪುಟ್ಟಮ್ಮನವರೇ ಕಚ್ಚೆ ಹಾಕಿ, ಮೇಲೆ ಶರ್ಟು ತೊಟ್ಟು, ಎರಡೂ ಕಡೆ ಕಾಲು ಹಾಕಿ ಕೂತು, “ಎತ್ತಿನ್ ಗಾಡಿ ಮೂಕಿ ಮೇಲೆ ಹಿಂಗೇ ಕೂರ್ತಿದ್ದಿದ್ದು ನಾನು. ನಡೀರಿ,” ಎಂದರು. ದೊಡ್ಡ ಬೈಕಿನ ಸುಖ ಕಷ್ಟವನ್ನು ಓಡಿಸುವವರನ್ನು ಕೇಳಬೇಡಿ. ಅವರಿಗೆ ಗಾಡಿಯ ಮೇಲೆ ಪ್ರೀತಿ ಇರುತ್ತದೆ, ಸುಳ್ಳು ಹೇಳುತ್ತಾರೆ. ಹಿಂದೆ ಕೂತವರನ್ನು ಕೇಳಿ.

ಗುಂಡ್ಲುಪೇಟೆ ದಾಟಿ, ಕಾಡು ದಾಟಿ, ಘಾಟಿ ಇಳಿದು ಕೇರಳದ ಕಡಲಿಗೆ ಹೋದರು. ಮಾರನೆಯ ದಿನ ಗ್ಯಾರೇಜಿಗೆ ಫೋನು ಬಂತು. ಸ್ಪೀಕರಿಗೆ ಹಾಕಿದೆ. ಮೊದಲು ಭೋರೆಂದು ಒಂದು ಸದ್ದು, ಆಮೇಲೆ ಪುಟ್ಟಮ್ಮನವರ ದನಿ.

“ಕೇಳಿಸ್ತಾ? ಎಲ್ಲಾರ್ ದನೀನೂ ಮಾಡ್ತಿಯಲ್ಲ, ಇದ್ನ ಮಾಡ್ಲಾ ನೋಡವ!”

“ಅದಿರ್ಲಿ ಅವ್ವಾ, ಕಾಲೆಂಗದೆ? ಬಿಸಿ ಹೊಡೀತಾ?”

“ಕಾಲಾ? ಕಾಲು ನೀರೊಳ್ಗದೆ ಕಣ್ಲಾ!”

ಬಷೀರಣ್ಣ ನನ್ನ ಕೈಯಿಂದ ಫೋನು ಕಿತ್ತುಕೊಂಡು ಕಿರುಚಿದರು. “ಉಪ್ಪು ನೀರು! ಗಾಡಿ ದೂರ ನಿಲ್ಸಿ ಅನ್ನವ್ವಾ ಅವ್ರ್ಗೆ, ತುಕ್ಕು ಹಿಡೀತದೆ!” ಉತ್ತರಕ್ಕೆ ಬಂದದ್ದು ಅಲೆಯ ಸದ್ದು, ಮತ್ತು ಮಾದಪ್ಪನವರು ಎಲ್ಲೋ ದೂರದಲ್ಲಿ “ಪಂಚೆ! ಪಂಚೆ!” ಎಂದು ಕೂಗಿದ್ದು.

ಅವರು ಹಿಂತಿರುಗಿದ ದಿನ ಬಷೀರಣ್ಣ ಗೊಣಗುತ್ತಲೇ ಜಾಲರಿ ಬಿಚ್ಚಿದರು. ಈ ಸಲ ರೆಕ್ಕೆಗಳ ಸಂದಿಯಲ್ಲಿ ಸಿಕ್ಕಿದ್ದು ಜುಂಗಲ್ಲ, ಮರಳು. ನಾನು ಬ್ರಶ್ಶಿನಿಂದ ಬೆನ್ನಿನ ಕಡೆಯಿಂದ ಮುಂದಕ್ಕೆ ಮೆಲ್ಲಗೆ ತಟ್ಟುತ್ತಿದ್ದೆ. ಅದು ನೆಲಕ್ಕೆ ಉದುರುವ ಮುನ್ನ ಪುಟ್ಟಮ್ಮನವರು ಮುಂದೆ ಬಂದು, ಸೊಪ್ಪು ಹಿಡಿಯುವ ಹಾಗೆ ಸೆರಗು ಒಡ್ಡಿ ನಿಂತರು.

“ಇದ್ರೊಳಕ್ಕೆ ಹಾಕ್ಲಾ. ಶೆಡ್ಡಿಗೆ ಬರೋರ್ಗೆಲ್ಲ ಈಗ ನಾನು ತೋರ್ಸದು ಬ್ಯಾಡ್ವಾ?”